ತಾನೇ ಬಿದ್ದನೆಂದು ಬರೆದವರು

ಫೆಬ್ರವರಿ ಹನ್ನೊಂದರ ಬೆಳಿಗ್ಗೆ 10.20ಕ್ಕೆ ಗುಂಡಮ್ಮ ಕುಷಾಯಿಗೂಡ ಠಾಣೆಗೆ ಬಂದಳು. ಗಂಡ ದ್ಯಾವಪ್ಪ ಕಟ್ಟಡಗಳಲ್ಲಿ ಕಂಬಿ ಕಟ್ಟುವವನು. ಮೂರನೇ ತಾರೀಖು ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವಾಗ ಕಾರು ಗುದ್ದಿ ಮಣಿಕಟ್ಟು ಮುರಿದಿತ್ತು. ಕಾರಿನವನ ಮೇಲೆ ಅಂದೇ ಎಫ್‌ಐಆರ್ ಆಗಿತ್ತು.

"ಸಾಹೇಬ್ರ, ದವಾಖಾನಿ ಕಾಗದದಾಗ ತಾನಽ ಬಿದ್ದಾನಂತ ಬರದಾರ. ಕೇಸು ನಿಲ್ಲಂಗಿಲ್ಲ ಅಂತಾನ ಕಾರಿನವನ ವಕೀಲ. ನನ್ನ ಗಂಡ ಸುಳ್ಳ ಆದ್ನಲ್ರಿ."

ತೆಲುಗು ಊರಿನ ಆ ಠಾಣೆಯ ಇನ್‌ಸ್ಪೆಕ್ಟರ್ ಹನುಮಂತರ ಮನೆಮಾತೂ ಕನ್ನಡವೇ. ದೂರನ್ನು ಅವಳ ಮಾತಿನಲ್ಲೇ ಕೇಳಿ, ದಾಖಲೆ ತಿದ್ದಿದ ಬಗ್ಗೆ ಬೇರೆ ಎಫ್‌ಐಆರ್ ಮಾಡಿಸಿದರು.

12.30ಕ್ಕೆ ಕಾನ್‌ಸ್ಟೇಬಲ್ ಶಿವಗಂಗಾಳ ಜೊತೆ, ದ್ಯಾವಪ್ಪನಿಗೆ ಚಿಕಿತ್ಸೆ ಕೊಟ್ಟ, ಕನ್ನಡದವರೇ ಹೆಚ್ಚಿದ್ದ ಖಾಸಗಿ ಆಸ್ಪತ್ರೆಯ ಕೋಡಿಂಗ್ ಕೋಣೆಗೆ ಹೋದರು. ಪ್ರತಿ ಗಾಯಕ್ಕೂ ಅದರ ಕಾರಣಕ್ಕೂ ಒಂದು ಸಂಖ್ಯೆ ಕೊಡುವುದು ಅಲ್ಲಿನ ಕೆಲಸ. ಸೈಕಲ್ಲಿಗೆ ಕಾರು ಗುದ್ದಿದರೆ ವಿ13, ಸವಾರ ತಾನೇ ಬಿದ್ದರೆ ವಿ18. ದ್ಯಾವಪ್ಪನಿಗೆ ವಿ18 ಕೊಡಲಾಗಿತ್ತು. ಅದಕ್ಕೆ ತಕ್ಕಂತೆ ವೈದ್ಯರ ಟಿಪ್ಪಣಿಯೂ ಬದಲಾಗಿತ್ತು. ತಿದ್ದಿದ್ದು ಐದನೇ ತಾರೀಖು ಮಧ್ಯಾಹ್ನ 1.12ಕ್ಕೆ, ತಂಡದ ಹೊಸ ಮುಖ್ಯಸ್ಥೆ ಭಾಗ್ಯಶ್ರೀಯ ಲಾಗಿನ್‌ನಿಂದ. ಹುಡುಗಿ ಅತ್ತಳು. ಅಳುವವರೆಲ್ಲ ನಿರಪರಾಧಿಗಳಾಗಿದ್ದರೆ ಠಾಣೆಗಳೇ ಬೇಕಿರಲಿಲ್ಲ ಎಂದುಕೊಂಡು ಹನುಮಂತ ಡ್ಯೂಟಿ ಡಾಕ್ಟರ್ ಸುಮಂತರನ್ನು ಕರೆಸಿದರು.

"ಇದು ನೀವು ಬರೆದದ್ದಾ?"

"ಅಲ್ಲರಿ. ಇಲ್ನೋಡ್ರಿ, 'ಬಲ ಮಣಿಕಟ್ಟು' ಅಂತೈತಿ. ಗಡಿಬಿಡಿಯೊಳಗ ನಾ ಎಡ ಬಲ ಬರಿಯೂದಽ ಇಲ್ಲ. ಕೋಡಿಂಗಿನವ್ರು ಅದಕ್ಕಽ ದಿನಾ ಜಗಳಾ ತಗೀತಾರ."

"ಐದನೇ ತಾರೀಖು ಒಂದು ಗಂಟೆ ಹೊತ್ತಿಗೆ ಭಾಗ್ಯಶ್ರೀ ಎಲ್ಲಿದ್ದಳು?"

"ಭಾಗ್ಯಶ್ರೀ ನನ್ನ ಮುಂದಽ ನಿಂತಿದ್ಲು. ಬ್ಯಾರೆ ಪೇಷೆಂಟಿಂದು ಯಾವ ಕಾಲು ಅಂತ ಕೇಳಾಕತ್ತಿದ್ಲು."

ಸುಳ್ಳು ಬರೆಯುವಾಗಲೂ ಎಡ ಬಲ ಖಾಲಿ ಬಿಡಲಾಗದ ಕೈ ಕೋಡರ್‌ನದೇ. ಸಿಸಿಟಿವಿಯಲ್ಲಿ 1.12ಕ್ಕೆ ಭಾಗ್ಯಶ್ರೀಯ ಕುರ್ಚಿಯಲ್ಲಿ ಕೂತಿದ್ದವಳು ಸುಹಾಸಿನಿ, ಹನ್ನೊಂದು ವರ್ಷದಿಂದ ಅಲ್ಲಿರುವ ಹಿರಿಯ ಕೋಡರ್. ಇಬ್ಬರು ಪಂಚರ ಎದುರು ಪಂಚನಾಮೆ ಮಾಡಿ ಕಂಪ್ಯೂಟರನ್ನೂ ಸಿಸಿಟಿವಿ ದೃಶ್ಯವನ್ನೂ ವಶಕ್ಕೆ ಪಡೆದರು.

"ಪಾಸ್‌ವರ್ಡ್ ಹೇಗೆ ಸಿಕ್ಕಿತು?" ಹನುಮಂತ ಸುಹಾಸಿನಿಯನ್ನು ಕೇಳಿದರು.

"ಕೆಲಸಾ ಕಲಿಸುವಾಗ ನಾನಽ ಹಾಕಿಕೊಟ್ಟಿದ್ದೆ. ಅಕಿ ಬದಲಿ ಮಾಡಿರಲಿಲ್ಲ."

"ಕಾರಿನವನ ಪರಿಚಯ ಇದೆಯಾ?"

"ಇಲ್ಲರಿ."

"ದ್ಯಾವಪ್ಪನದು?"

"ಅಂವ ಯಾರ್ರೀ?"

ಹನುಮಂತರಿಗೆ ಮೈ ಉರಿಯಿತು. ದ್ಯಾವಪ್ಪನ ಫೈಲ್ ರಾಶಿಯ ಮೇಲಿತ್ತು, ಅಷ್ಟೇ. ಕೋಡಿಂಗ್ ತಪ್ಪುಗಳನ್ನು ಹುಡುಕುವ ಆಡಿಟ್‌ನಲ್ಲಿ ಭಾಗ್ಯಶ್ರೀಯ ಹೆಸರಿಗೆ ಒಂದು ದೊಡ್ಡ ತಪ್ಪು ಬಂದರೆ ಸಾಕಿತ್ತು ಇವಳಿಗೆ. ಕೈ ಮುರಿದವನು ಇವಳಿಗೆ ಬರೀ ಒಂದು ನಂಬರು.

ಸಂಜೆ 4.40ಕ್ಕೆ, ಹೊತ್ತು ಮುಳುಗುವ ಮೊದಲು, ಶಿವಗಂಗಾ ಅವಳನ್ನು ಬಂಧಿಸಿದಳು. ಕಂಪ್ಯೂಟರಿನಲ್ಲಿ ಉಳಿದಿದ್ದ ವೈದ್ಯರ ಮೊದಲಿನ ಟಿಪ್ಪಣಿಯ ಪ್ರತಿಯನ್ನು ಕಾರಿನವನ ಕೇಸಿಗೆ ಸೇರಿಸಿದ್ದಾಯಿತು. ದ್ಯಾವಪ್ಪ ಸುಳ್ಳು ಹೇಳಿರಲಿಲ್ಲ ಎಂಬುದು ಈಗ ಕಾಗದದಲ್ಲೂ ಇತ್ತು.

ಜೀಪಿನಲ್ಲಿ ಸುಹಾಸಿನಿ ಯಾರೂ ಕೇಳದೆಯೇ ಮಾತಾಡಿದಳು.

"ಅಕಿಗೆ ಅ ಆ ಇಂದ ಕಲಿಸಿದಾಕಿ ನಾನು. ಮುಖ್ಯಸ್ಥೆ ಆದ ದಿನ ಪೇಢೆ ತಂದು ಎಲ್ಲಾರ ಮುಂದ ನನ್ನ ಕಾಲಿಗೆ ಬಿದ್ಲು. ಸೊಕ್ಕು ಮಾಡಿದ್ರ ತಡಕೋತಿದ್ದೆ. ಆ ನಮಸ್ಕಾರ ನನಗ ತಡಕೊಳ್ಳಾಕ ಆಗಲಿಲ್ಲರಿ."

ಶಿವಗಂಗಾ ಆ ಮಾತನ್ನು ಇದ್ದಂತೆಯೇ ಬರೆದುಕೊಂಡಳು.