ಏಟುಗಳು ಸ್ವರವಾಗುವ ವೇಗ

ಗೋಡೆಯಲ್ಲಿದ್ದ ಪ್ಲಗ್ಗನ್ನು ಅವಳು ಕಿತ್ತೇಬಿಟ್ಟಳು!

ಕೋಣೆ ಒಮ್ಮೆಲೇ ಗಪ್‌ಚಿಪ್ಪಾಯಿತು. ಕಿಟಕಿಯ ಗಾಜು ಮಾತ್ರ ಇನ್ನೂ ಸಣ್ಣಗೆ ನಡುಗುತ್ತಿತ್ತು.

"ಏನ್ರೀ ಇದು! ಬಾಗಿಲು ತೆಗೆದಿದೆ ಅಂತ ಸೀದಾ ಒಳಗೆ ನುಗ್ಗಿ..." ಮೇಜಿನ ಮುಂದೆ ಕುಳಿತಿದ್ದವನಿಗೆ ಮಾತು ಪೂರ್ತಿ ಹೊರಡಲಿಲ್ಲ.

"ಮೊದಲು ದೂರ ಸರೀರಿ! ಬೇರಿಂಗ್ ಪೂರ್ತಿ ಹೋಗಿದೆ. ಇನ್ನೊಂದು ಗಳಿಗೆ ಬಿಟ್ಟಿದ್ರೆ ಡ್ರಮ್ಮು ಕಿತ್ಕೊಂಡು ಮೈಮೇಲೆ ಬರ್ತಿತ್ತು. ಎಲ್ಲಿಟ್ಟಿದ್ದೀರಿ ಅದನ್ನ?"

"ಯಾವುದನ್ನ?"

"ವಾಷಿಂಗ್ ಮೆಷಿನ್ನು!"

ಅವನು ಸುತ್ತಲೂ ನೋಡಿದ. ಅವಳೂ ನೋಡಿದಳು. ಮಂಚ, ಮೇಜು, ಸೊಂಟದೆತ್ತರದ ಎರಡು ಸ್ಪೀಕರು, ಗುಂಡಿಗಳು ತುಂಬಿದ ಒಂದು ಹಳೇ ಪೆಟ್ಟಿಗೆ. ಬಟ್ಟೆ ಒಗೆಯುವುದಕ್ಕೆ ಸಂಬಂಧಪಟ್ಟದ್ದೆಂದರೆ ಮೂಲೆಯಲ್ಲಿದ್ದ ಬಕೆಟ್ಟು ಒಂದೇ.

"ನಾನು ಕೈಯಲ್ಲೇ ಒಗೆಯೋದು," ಅಂದ ಅವನು ಮೆಲ್ಲಗೆ. "ಅದು... ಹಾಡು."

ಹಾಡಾ?!

ಅವಳ ಮುಖಕ್ಕೆ ರಕ್ತವೆಲ್ಲ ನುಗ್ಗಿತು. ವಾಷಿಂಗ್ ಮೆಷಿನ್ ರಿಪೇರಿಯಲ್ಲಿ ಅವಳಿಗೆ ಹೆಸರಿತ್ತು. ಬಾಗಿಲಾಚೆ ನಿಂತು ಕಿವಿಗೊಟ್ಟರೆ ಸಾಕು, ಒಳಗೆ ಯಾವ ಭಾಗ ಕೆಟ್ಟಿದೆಯೆಂದು ಹೇಳಿಬಿಡುತ್ತಿದ್ದಳು. ಸೋದರತ್ತೆಯ ಜೊತೆ ಕೆಳಗಿನ ಮನೆಗೆ ಬಾಡಿಗೆಗೆ ಬಂದಾಗಿನಿಂದ ಮೇಲಿನ ಈ ಸದ್ದು ಕೇಳಿಸಿಕೊಂಡು, ಪಾಪ ಯಾರೋ ಏನೂ ತಿಳಿಯದವರು ಎಂದು ಕನಿಕರಪಟ್ಟು ಓಡಿ ಬಂದಿದ್ದಳು!

ಈಗ ಬೈಗುಳ ಗ್ಯಾರಂಟಿ ಎಂದು ಅವಳು ತಲೆ ತಗ್ಗಿಸಿದಳು. ಆದರೆ ಅವನು ನಗತೊಡಗಿದ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು...

"ನನ್ನ ಹಾಡು ಕೇಳಿ ಎಲ್ರೂ ಓಡಿ ಹೋಗ್ತಾರೆ ಕಣ್ರೀ. ಓಡಿ ಬಂದವರು ನೀವೇ ಮೊದಲು!"

ಅವನು ಬೀದಿಯ ಕೊನೆಯ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದ. ಹಗಲೆಲ್ಲ ಜನರಿಗೆ 'ಶ್...' ಅನ್ನುವವನು, ಸಂಜೆ ಮನೆಗೆ ಬಂದು ಹೀಗೆ ಗುಡುಗುತ್ತಿದ್ದ. ಅಕ್ಕಪಕ್ಕದವರು ಅವನಿಗೆ ಇಟ್ಟ ಹೆಸರು 'ಗದ್ದಲ'.

"ಇಂಥ ಹಾಡು ಯಾರು ಕಂಡುಹಿಡಿದ್ರು ಮಾರಾಯರೇ? ಅವರಿಗೆ ನಿದ್ದೆ ಬರ್ತಿರಲಿಲ್ವಾ?" ಅವಳು ಕೇಳಿಯೇಬಿಟ್ಟಳು.

ಗದ್ದಲನ ಕಣ್ಣು ಮಿನುಗಿತು. ಆ ಪ್ರಶ್ನೆಗಾಗಿ ವರ್ಷಗಟ್ಟಲೆ ಕಾದವನಂತೆ ಅವಳಿಗೆ ಕುರ್ಚಿ ಎಳೆದು ಹಾಕಿದ.

"ದೂರದ ಬಂದರು ಊರುಗಳಲ್ಲಿ ಕೆಲಸ ಮಾಡೋ ಹುಡುಗ ಹುಡುಗೀರು. ವಾರವೆಲ್ಲ ದುಡಿದು, ರಜಾ ಬಂತು ಅಂದ್ರೆ ಗೋದಾಮಿನಂಥ ಜಾಗ ಹುಡುಕ್ಕೊಂಡು ಕುಣಿಯೋರು. ಅವರ ಹತ್ರ ಇಂಥದೇ ಪೆಟ್ಟಿಗೆ ಇತ್ತು, ಡ್ರಮ್ಮಿನ ಸದ್ದು ಹೊರಡಿಸೋದು. ಒಂದು ಮಟ್ಟಕ್ಕಿಂತ ಜೋರು ಮಾಡಿದ್ರೆ ಸದ್ದು ಹರಿದುಹೋಗತ್ತೆ, ಬಟ್ಟೆ ಹರಿದ ಹಾಗೆ. ತಿಳಿದವರು ಅದನ್ನ ತಪ್ಪು ಅಂದ್ರು. ಇವರು, ಅದೇ ಚೆನ್ನಾಗಿದೆ, ಇನ್ನೂ ಹರೀರಿ ಅಂದ್ರು!"

"ಆಮೇಲೆ?"

"ಆಮೇಲೆ ಜಿದ್ದಿಗೆ ಬಿದ್ರು. ನೀನು ಇಷ್ಟು ವೇಗನಾ, ನಾನು ಅದಕ್ಕಿಂತ ವೇಗ. ಕೊನೆಗೆ ಏನಾಯ್ತು ಗೊತ್ತಾ? ಕೇಳಿ."

ಅವನು ಪ್ಲಗ್ ಹಾಕಿ, ಹೆಡ್‌ಫೋನನ್ನು ಅವಳ ತಲೆಗಿಟ್ಟು, ಒಂದು ಗುಂಡಿಯನ್ನು ನಿಧಾನವಾಗಿ ತಿರುಗಿಸಿದ.

ಧಬ್... ಧಬ್... ಧಬ್. ಯಾರೋ ಕಬ್ಬಿಣದ ಬಾಗಿಲು ಗುದ್ದಿದ ಹಾಗೆ. ಧಬ್‌ಧಬ್‌ಧಬ್. ಹಲ್ಲಿನ ಬೇರುಗಳು ನಡುಗಿದವು. ತಗಡಿನ ಮಾಡಿನ ಮೇಲೆ ಒಂದು ಲಾರಿ ಕಲ್ಲು ಸುರಿದಂತಾಯಿತು. ಎದ್ದುಬಿಡೋಣ ಅನ್ನುವಷ್ಟರಲ್ಲಿ... ಏಟುಗಳೆಲ್ಲ ಒಂದರೊಳಗೊಂದು ಕರಗಿಹೋದವು. ಉಳಿದದ್ದು ಒಂದೇ ಒಂದು ಸ್ವರ. ಉದ್ದ, ಒರಟು, ಮೇಲೇರುತ್ತಲೇ ಇರುವ ಸ್ವರ.

"ಸ್ಪಿನ್!" ಅವಳು ಕಿರುಚಿದಳು. "ಇದು ಬಟ್ಟೆ ಹಿಂಡೋ ಹೊತ್ತಿನ ಸ್ಪಿನ್ ಕಣ್ರೀ! ಮೊದಮೊದಲು ಒದ್ದಾಡತ್ತೆ, ಡಬಡಬ ಅನ್ನತ್ತೆ, ವೇಗ ಹಿಡಿದ ಮೇಲೆ ಗುಂಯ್ ಅಂತ ಒಂದೇ ರಾಗ! ನಾನು ಅದಕ್ಕೇ ಕಾಯ್ತಾ ಕೂತಿರ್ತೀನಿ. ಯಾರಿಗೂ ಹೇಳಿಲ್ಲ, ನಗ್ತಾರೆ ಅಂತ..."

ಗದ್ದಲ ನಗಲಿಲ್ಲ. ಅವಳನ್ನೇ ನೋಡುತ್ತಿದ್ದ.

ಅಯ್ಯೋ, ಇವನ್ಯಾಕೆ ಹೀಗೆ ನೋಡ್ತಾನೆ... ಎದೆ ಅನ್ನೋದು ಯಾವ ಗುಂಡಿ ತಿರುಗಿಸಿದ್ದಕ್ಕೆ ಹೀಗೆ ಓಡ್ತಿದೆ?

ಆಮೇಲಿನ ದಿನಗಳು ಹಬ್ಬದಂತೆ ಹೋದವು. ಯಾವುದಾದರೂ ಮೆಷಿನ್ನು ವಿಚಿತ್ರವಾಗಿ ಒದರಿದರೆ ಸಾಕು, ಅವಳು ಅವನಿಗೆ ಫೋನು ಮಾಡುವಳು. ಅವನು ಮಧ್ಯಾಹ್ನದ ಬಿಡುವಿನಲ್ಲಿ ಓಡಿ ಬಂದು, ಎಣ್ಣೆ ಮೆತ್ತಿದ ನೆಲದ ಮೇಲೆ ಅಂಗಾತ ಮಲಗಿ, ಆ ಸದ್ದು ಹಿಡಿದಿಡಲು ಮೆಷಿನ್ನಿನ ಕೆಳಗೆ ಮೈಕು ತೂರಿಸುವನು. ಒಮ್ಮೆ ಪಂಪಿಗೆ ಕೋಟಿನ ಗುಂಡಿ ಸಿಕ್ಕಿಕೊಂಡು ಕಟಕಟ ಅನ್ನುತ್ತಿತ್ತು.

"ರಿಪೇರಿ ಮಾಡ್ಬೇಡಿ ರೀ, ಇನ್ನೊಂದು ನಿಮಿಷ! ಎಷ್ಟು ಚೆನ್ನಾಗಿ ಹಾಡ್ತಿದೆ!"

"ಅದರ ಓನರು ಹೊರಗೆ ನಿಂತಿದ್ದಾರೆ. ಅವರಿಗೂ ಇದೇ ಹೇಳ್ಲಾ?"

ಇದ್ದಕ್ಕಿದ್ದಂತೆ ಒಂದು ದಿನ ಮೇಲಿನ ಮನೆ ಸುಮ್ಮನಾಯಿತು.

ಮರುದಿನವೂ ಸದ್ದಿಲ್ಲ. ಅದರ ಮರುದಿನವೂ ಇಲ್ಲ. ಮೆಟ್ಟಿಲ ಮೇಲೆ ಸಿಕ್ಕವನು ಮುಖ ತಿರುಗಿಸಿಕೊಂಡು ಸರಸರನೆ ಇಳಿದುಹೋದ. ಫೋನು ಮಾಡಿದರೆ, "ಕೆಲಸ ಇದೆ" ಎಂಬ ಎರಡೇ ಮಾತು.

ಬೇಜಾರಾದೆನಾ ಅವನಿಗೆ? ಹಾಡನ್ನ ಕೆಟ್ಟ ಬೇರಿಂಗ್ ಅಂದವಳ ಸಹವಾಸ ಯಾಕೆ ಅನ್ನಿಸಿತಾ? ಅವಳು ದಿಂಬಿಗೆ ಮುಖ ಒತ್ತಿ ಮಲಗಿದಳು. ಮೇಲಿನಿಂದ ಏನಾದರೂ ಕೇಳೀತೇ ಎಂದು ಕಿವಿ ಮಾತ್ರ ಚಾವಣಿಗೆ ಅಂಟಿಕೊಂಡಿತ್ತು.

"ಏನೇ ಇದು, ತಿಂಡಿ ತಟ್ಟೆ ಮುಂದಿಟ್ಟುಕೊಂಡು ಸೂರು ನೋಡ್ತೀಯ?" ಭಾನುವಾರ ಬೆಳಿಗ್ಗೆ ಅತ್ತೆ ಗದರಿದಳು.

"ಮೇಲೆ ಸದ್ದೇ ಇಲ್ಲ ಅತ್ತೆ."

"ಇಲ್ಲ ಅಂತ ಖುಷಿಪಡು! ನಾನೇ ಹೋಗಿ ಹೇಳಿ ಬಂದೆ."

ಅವಳ ಕೈಯ ತುತ್ತು ತಟ್ಟೆಗೆ ಬಿತ್ತು. "ಏನಂತ?"

"ಏನಂತ ಹೇಳ್ತಾರೆ? ಆವತ್ತು ನೀನು ತಲೆ ಹಿಡ್ಕೊಂಡು ಬಂದ್ಯಲ್ಲ ಕೆಲಸದಿಂದ. ನೋಡಪ್ಪಾ, ನಮ್ಮಣ್ಣನ ಮಗಳು ಹಗಲೆಲ್ಲ ಕೆಟ್ಟ ಸದ್ದು ಕೇಳಿ ಕೇಳಿ ದುಡಿಯೋಳು, ಮನೇಲಾದ್ರೂ ಅವಳ ಕಿವಿಗೆ ಬಿಡುವು ಬೇಡ್ವಾ ಅಂದೆ. ಪಾಪ, ಹುಡುಗ ಬೆಳ್ಳಗೆ ಬಿಳಿಚಿಕೊಂಡ."

"ಅತ್ತೇ! ಆವತ್ತು ನನಗೆ ಜ್ವರ ಇತ್ತು! ಸದ್ದಿಂದ ಅಲ್ಲ!"

ಅತ್ತೆ ಸ್ವಲ್ಪ ಹೊತ್ತು ಅವಳ ಮುಖವನ್ನೇ ಓದಿದಳು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಓಹೋ... ಹೀಗೋ ಸಮಾಚಾರ. ನಿಜ ಹೇಳ್ಬೇಕು ಅಂದ್ರೆ, ಆ ಧಡಧಡಕ್ಕೆ ನನ್ನ ಹೊಲಿಗೇನೂ ಬೇಗ ಬೇಗ ಸಾಗ್ತಿತ್ತು ಕಣೇ. ಈಗ ಕೈಯೇ ಓಡ್ತಿಲ್ಲ. ಲೈಬ್ರರಿ ಇವತ್ತೂ ತೆಗೆದಿರತ್ತಲ್ಲ? ಹೋಗು!"

ಅವಳು ಓಡಿದಳು.

ಲೈಬ್ರರಿಯ ಉದ್ದನೆಯ ಮೇಜುಗಳ ಮೇಲೆ ಬಿಸಿಲು ಬೆಕ್ಕಿನಂತೆ ಮಲಗಿತ್ತು. ಪತ್ರಿಕೆ ಓದುವ ಮುದುಕರು, ಪರೀಕ್ಷೆಗೆ ಓದುವ ಹುಡುಗಿಯರು. ಗದ್ದಲ ಪುಸ್ತಕಗಳನ್ನು ಕಪಾಟಿಗೆ ಜೋಡಿಸುತ್ತಿದ್ದ.

"ಅತ್ತೆ ಮಾತು ನನ್ನ ಮಾತಲ್ಲ," ಅಂದಳು ಅವಳು ಏದುಸಿರು ಬಿಡುತ್ತ.

"ಶ್... ಮೆಲ್ಲಗೆ."

"ಮೆಲ್ಲಗೇ ಹೇಳ್ತಿದ್ದೀನಿ. ಸದ್ದು ನಿಲ್ಲಿಸಿದ್ದು ಸರಿ, ನನ್ನನ್ನ ಕಂಡ್ರೆ ಯಾಕೆ ಓಡ್ತೀರಿ?"

ಅವನು ಕೈಯಲ್ಲಿದ್ದ ಪುಸ್ತಕವನ್ನು ತಲೆಕೆಳಗಾಗಿ ಕಪಾಟಿಗಿಟ್ಟ. "ನಿಮ್ಮನ್ನ ನೋಡಿದ್ರೆ ಹೊಸದೇನಾದ್ರೂ ಕೇಳಿಸ್ಬೇಕು ಅನ್ಸತ್ತೆ. ತಡ್ಕೊಳ್ಳೋಕಾಗಲ್ಲ. ನಿಮಗೆ ತಲೆನೋವು ಕೊಟ್ಟು ನಾನೇನು ಸಾಧಿಸ್ಲಿ..." ಅವನ ಪಿಸುದನಿ ಇನ್ನೂ ಕೆಳಗಿಳಿಯಿತು. "ನೀವಂದ್ರೆ ನನಗೆ ತುಂಬಾ ಇಷ್ಟ. ಆ ಪೆಟ್ಟಿಗೆ ಸ್ನೇಹಿತನಿಗೆ ಕೊಟ್ಟುಬಿಡ್ತೀನಿ, ಸಂಜೆ ಬಂದು ತಗೊಂಡು ಹೋಗ್ತಾನೆ. ಇನ್ನು ನಮ್ಮಿಬ್ಬರ ಮನೇಲಿ ಸದ್ದು ಅನ್ನೋದೇ ಇರಲ್ಲ. ಸಾಯೋವರೆಗೂ. ಮಾತು ಕೊಡ್ತೀನಿ."

ನಮ್ಮಿಬ್ಬರ ಮನೆ!

ಆ ಮಾತು ಬಾಯಿಂದ ಜಾರಿದ್ದು ಅವನಿಗೂ ತಿಳಿಯಿತು. ಕಿವಿಯವರೆಗೆ ಕೆಂಪಾದ.

ಅವಳ ಕಣ್ಣು ತುಂಬಿ ಬಂತು. ಒದರುವ ಮೆಷಿನ್ನೆಂದರೆ ಅವಳಿಗೆ ಭಯವೇ ಇರಲಿಲ್ಲ. ಗುಂಡಿ ಒತ್ತಿದರೂ ಕಮಕ್ ಕಿಮಕ್ ಅನ್ನದೆ ಕೂರುವುದನ್ನು ಕಂಡರೆ ಮಾತ್ರ ಅವಳು ಹೆದರುತ್ತಿದ್ದಳು. ಇವನು ಮನಸ್ಸಿನಲ್ಲೇ ಅಂಥದೇ ಮೂಕ ಮನೆಯೊಂದನ್ನು ಪ್ರೀತಿಯಿಂದ ಕಟ್ಟಿ, ಕೀಲಿಕೈ ಚಾಚಿ ನಿಂತಿದ್ದ.

ಅವಳು ಅವನ ಅಂಗಿಯ ತೋಳನ್ನು ಬಿಗಿಯಾಗಿ ಹಿಡಿದಳು.

"ಬೇಡ."

ಅವನ ಮುಖ ಬಾಡಿತು. "ನಾನು... ಬೇಡ್ವಾ?"

"ನೀವು ಬೇಕು! ಸುಮ್ಮನಿರೋ ನೀವು ಬೇಡ."

"ಮೆಲ್ಲಗೆ... ಎಲ್ರೂ ನೋಡ್ತಿದ್ದಾರೆ."

"ನೋಡ್ಲಿ!"

ಅವನ ತುಟಿಯ ಮೇಲೆ ನಗು ಹರಿದಾಡಿತು. ಆದರೂ ಒಳ್ಳೆಯವನಾಗುವ ಆಸೆ ಪೂರ್ತಿ ಬಿಟ್ಟಿರಲಿಲ್ಲ. "ಹೋಗ್ಲಿ, ಅರ್ಧ ಕಮ್ಮಿ ಮಾಡ್ಕೊಳ್ತೀನಿ. ವೇಗನೂ, ಸದ್ದೂ. ಆಗಬಹುದಾ?"

"ಆಗಲ್ಲ!" ಅಂದಳು ಅವಳು, ಮುದುಕರ ಪತ್ರಿಕೆಗಳೆಲ್ಲ ಒಟ್ಟಿಗೆ ಕೆಳಗಿಳಿಯುವಷ್ಟು ಗಟ್ಟಿಯಾಗಿ. "ಒಂದು ಚೂರೂ ಕಮ್ಮಿ ಆಗಕೂಡದು!"