ನಾಲ್ಕು ನಿಮಿಷದ ಸುಳ್ಳು

ವ್ಯಾನಿನ ಬಂಪರ್ ನನ್ನ ಮೊಣಕಾಲಿಗೆ ತಾಗಿ ನಿಂತಿತು.

ನಾನು ಕದಲಲಿಲ್ಲ. ಧೈರ್ಯದಿಂದಲ್ಲ... ಬಸ್ ಇಳಿದಲ್ಲಿಂದ ಓಡಿಬಂದಿದ್ದೆ. ಕದಲುವ ಶಕ್ತಿ ಉಳಿದಿರಲಿಲ್ಲ.

"ಸಾಯೋಕೆ ನನ್ನ ಗಾಡಿನೇ ಬೇಕಿತ್ತಾ ಅಕ್ಕಾ?" ಡ್ರೈವರ್ ತಲೆ ಹೊರಹಾಕಿದ.

"ಆಫ್ ಮಾಡಪ್ಪ. ಒಳಗಿರೋ ಲಸಿಕೆ ಕೆಟ್ಟಿರಬಹುದು."

"ಸಾಹೇಬ್ರು ಹೊರಡು ಅಂದಿದಾರೆ."

"ಹತ್ತು ನಿಮಿಷ."

ಅವನು ಕೀಲಿ ತೆಗೆದು ನನ್ನ ಕೈಗೇ ಕೊಟ್ಟ. "ನೀವೇ ಇಟ್ಕೊಳ್ಳಿ. ಸಾಹೇಬ್ರು ಕೂಗಾಡಿದ್ರೆ, ಅಕ್ಕ ಕಿತ್ಕೊಂಡ್ರು ಅಂತೀನಿ."

ಕೆಟ್ಟ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ಸರಿಮಾಡುವುದು ನನ್ನ ಕಸುಬು, ನೋಡಿ. ಇಪ್ಪತ್ತಾರು ವರ್ಷವಾಯಿತು. ಸಾಕಾಗಿದೆ.

ಬೆಳಿಗ್ಗೆ ಲಸಿಕೆ ಉಗ್ರಾಣದ ಸ್ಟೋರ್‌ಕೀಪರ್ ಫೋನ್ ಮಾಡಿದ್ದರು. ನಿನ್ನೆ ಕರೆಂಟ್ ಹೋಗಿ ಲಸಿಕೆಯ ಫ್ರಿಜ್ ನಾಲ್ಕು ಗಂಟೆ ಇಪ್ಪತ್ತು ನಿಮಿಷ ಬೆಚ್ಚಗಿತ್ತಂತೆ. ಫ್ರಿಜ್ಜಿನ ಲೆಕ್ಕ ಇಡುವ ಕಂಪ್ಯೂಟರ್ ಮಾತ್ರ ನಾಲ್ಕೇ ನಿಮಿಷ ಎನ್ನುತ್ತಿತ್ತು. ಮೂವತ್ತು ನಿಮಿಷ ದಾಟಿದರೆ ಎಲ್ಲವನ್ನೂ ಬಿಸಾಡಬೇಕು. ಬೆಚ್ಚಗಾದ ಲಸಿಕೆ ನೀರಿಗೆ ಸಮ.

ಮೇಲಿನ ಕೋಣೆಯಲ್ಲಿ ಸಾಹೇಬರು ಸ್ಟೋರ್‌ಕೀಪರ್ ಮೇಲೆ ಎರಗಿದ್ದರು.

"ಗಂಟೆಗೂ ನಿಮಿಷಕ್ಕೂ ವ್ಯತ್ಯಾಸ ಗೊತ್ತಿಲ್ವೇನ್ರೀ? ಅಲ್ಲಿ ಮಕ್ಕಳು ಸಾಲಲ್ಲಿ ಕಾಯ್ತಿವೆ. ಇವತ್ತೇ ನಿಮ್ಮ ಕೊನೇ ದಿನ."

"ಫ್ರಿಜ್ ಪಕ್ಕದಲ್ಲೇ ಕೂತಿದ್ದೆ ಸಾರ್," ಎಂದರು ಸ್ಟೋರ್‌ಕೀಪರ್. ಹೇಳುತ್ತಲೇ ಖಾಲಿ ಇದ್ದ ಒಂದೇ ಕುರ್ಚಿಯನ್ನು ನನ್ನತ್ತ ಸರಿಸಿದರು. ಕೆಲಸ ಹೋಗುತ್ತಿರುವಾಗಲೂ ನನ್ನ ಏದುಸಿರು ಅವರಿಗೆ ಕೇಳಿಸಿತ್ತು.

ಲೆಕ್ಕ ಇಡುವ ಆ ಪುಟ್ಟ ಪ್ರೋಗ್ರಾಮನ್ನು, ಸ್ಕ್ರಿಪ್ಟನ್ನು, ತೆರೆದೆ. ನಿಮಿಷ ಎಣಿಸುವ ಒಂದು ಫಂಕ್ಷನ್. ಅದರ ಕೊನೆಯ ಸಾಲು... ರಿಟರ್ನ್. ಆ ಪದದ ಮುಂದೆ, ಎಣಿಸಿ ಬಂದ ಸಂಖ್ಯೆ.

ತಪ್ಪು ಅಲ್ಲೇ ಸಿಕ್ಕಿಬಿತ್ತು.

"ಸಾರ್, ನಾಲ್ಕು ಗಂಟೆ ಇಪ್ಪತ್ತು ನಿಮಿಷ ಅಂದ್ರೆ ಒಟ್ಟು ಎಷ್ಟು ನಿಮಿಷ?"

"ಇನ್ನೂರ ಅರವತ್ತು. ಅದಕ್ಕೇನೀಗ?"

"ಶೆಲ್ ಅನ್ನೋ ಈ ಭಾಷೇಲಿ ರಿಟರ್ನ್ ಇರೋದು ಕೆಲಸ ಆಯ್ತಾ ಇಲ್ವಾ ಹೇಳೋಕೆ. ಸಂಖ್ಯೆ ಹೊರೋಕಲ್ಲ. ಇನ್ನೂರ ಐವತ್ತೈದರ ತನಕ ತಡ್ಕೊಳ್ಳುತ್ತೆ. ಒಂದು ಹೆಚ್ಚಾದ್ರೆ ಮತ್ತೆ ಸೊನ್ನೆ. ಇನ್ನೂರ ಅರವತ್ತು ಕೊಟ್ರೆ..."

ಸಾಹೇಬರು ಬೆರಳು ಮಡಚಿದರು.

"ನಾಲ್ಕು."

ರಿಟರ್ನ್ ತೆಗೆದು ಎಕೋ ಹಾಕಿದೆ. ಉತ್ತರವನ್ನು ಬಾಯಿಬಿಟ್ಟು ಹೇಳು ಎಂಬ ಅಪ್ಪಣೆ ಅದು. ಲೆಕ್ಕ ಕೇಳುವ ಸಾಲು ಆ ಉತ್ತರವನ್ನು ಹಿಡಿದಿಟ್ಟುಕೊಳ್ಳುವಂತೆ ಅದನ್ನೂ ತಿದ್ದಿದೆ. ಪ್ರೋಗ್ರಾಮ್ ಓಡಿಸಿದೆ.

260.

ಸಾಹೇಬರು ಸ್ಟೋರ್‌ಕೀಪರ್ ಮುಖ ನೋಡಲಿಲ್ಲ. ಕಿಟಕಿಯಿಂದ ಬಗ್ಗಿ, ವ್ಯಾನಿನಿಂದ ಲಸಿಕೆ ಇಳಿಸಲು ಡ್ರೈವರ್‌ಗೆ ಹೇಳಿದರು. ಆಮೇಲೆ ನನ್ನತ್ತ ತಿರುಗಿದರು.

"ಯಾವ ತಲೆಕೆಟ್ಟವರು ಬರೆದದ್ದು ಇದನ್ನ?"

ಫೈಲಿನ ಮೊದಲ ಸಾಲಿನಲ್ಲೇ ಬರೆದವರ ಹೆಸರಿತ್ತು. ಸ್ಟೋರ್‌ಕೀಪರ್ ಆಗಲೇ ಓದಿದ್ದರು. ಪರದೆಯ ಧೂಳು ಒರೆಸುವವರಂತೆ ಆ ಹೆಸರಿನ ಮೇಲೆ ಹೆಬ್ಬೆರಳು ಇಟ್ಟು ನಿಂತಿದ್ದರು.

ಆ ಬೆರಳನ್ನು ಮೆಲ್ಲಗೆ ಸರಿಸಿದೆ.

"ನಾನೇ ಸಾರ್. ಹನ್ನೆರಡು ವರ್ಷದ ಹಿಂದೆ. ಬೈಯಿರಿ... ಇನ್ನೂರ ಐವತ್ತೈದು ಬೈಗುಳದ ತನಕ ಕೇಳಿಸ್ಕೊಳ್ತೀನಿ. ಅದು ದಾಟಿದ್ರೆ ಮತ್ತೆ ಸೊನ್ನೆಯಿಂದ."