ದಲ್ಲಾಳಿಯ ಕಾರಿಗೆ ಯಾವ ಬ್ಯಾಟರಿ?

ಚಾಕು ನನ್ನ ಗಂಟಲಿಗೆ ಒತ್ತಿತ್ತು.

“ಸ್ಟಾರ್ಟ್ ಮಾಡೋ, ಮುದುಕಾ!”

ದಲ್ಲಾಳಿಯ ಉಸಿರು ಕಿವಿಗೆ ಬಿಸಿಯಾಗಿ ಬಡಿಯುತ್ತಿತ್ತು. ಅವನದೇ ಗೋಡೌನಿನ ಅಂಗಳ. ಸುಡು ಮಧ್ಯಾಹ್ನ. ಎದುರಿಗೆ ಅವನ ಬಿಳಿ ಕಾರು, ಬಾನೆಟ್ ತೆರೆದುಕೊಂಡು ಬಾಯಿಬಿಟ್ಟ ಹಾಗೆ ನಿಂತಿತ್ತು.

ಬಟನ್ ಒತ್ತಿದರೆ... ಟಿಕ್! ಅಷ್ಟೇ.

ಹೆದರಿಕೆ ಆಗಲಿಲ್ಲವೇ ಅಂತ ಕೇಳುತ್ತೀರಿ. ಆಯಿತು... ಆದರೆ ಸಾಯುವ ಹೆದರಿಕೆಯಲ್ಲ. ಇವನು ತಪ್ಪಿಸಿಕೊಂಡುಬಿಟ್ಟರೆ ಅನ್ನುವ ಹೆದರಿಕೆ!

ಜಾಗ ಮಾರಿಸುವ ಈ ದಲ್ಲಾಳಿ ಕಾರು ಹತ್ತಿಸಿ ನನ್ನ ತಮ್ಮನನ್ನು ಕೊಂದವನು. ತಮ್ಮ ತನ್ನ ಜಾಗ ಬಿಟ್ಟುಕೊಡಲಿಲ್ಲ, ಅದೇ ಅವನ ತಪ್ಪು. ಕೊಂದವನು ಜಾಮೀನಿನ ಮೇಲೆ ಮೀಸೆ ತಿರುವಿಕೊಂಡು ಓಡಾಡುತ್ತಿದ್ದ. ಆ ಮಧ್ಯಾಹ್ನ ಕೋರ್ಟಿನಿಂದ ತಮ್ಮನ ಹೆಂಡತಿಯ ಫೋನ್ ಬಂತು.

“ಭಾವಾ! ಸಾಕ್ಷಿ ಹೇಳ್ದೆ... ಜಡ್ಜು ಅವನ ಜಾಮೀನು ಕಿತ್ತಾಕಿದ್ರು. ಪೊಲೀಸ್ನೋರು ಹೊರಟಿದಾರೆ. ಆದ್ರೆ ಅವನಿವತ್ತು ಕೋರ್ಟಿಗೇ ಬಂದಿಲ್ಲ... ಓಡಿಹೋಗ್ತಾನೆ ಭಾವಾ!”

“ನೀನು ಅಲ್ಲೇ ಇರಮ್ಮ. ಅವನು ದೂರ ಹೋಗಲ್ಲ.”

ಮೊಪೆಡ್ ಹತ್ತಿ ನೇರ ಅವನ ಗೋಡೌನಿಗೆ ಬಂದೆ. ದಲ್ಲಾಳಿ ಕಾರಿನ ಸೀಟಿನ ತುಂಬ ಬ್ಯಾಗು ತುರುಕಿಕೊಂಡು, ಬೆವರು ಸುರಿಸುತ್ತಾ ಬಟನ್ ಒತ್ತುತ್ತಿದ್ದ. ನನ್ನನ್ನು ಕಂಡವನೇ ಹಾರಿ ಬಂದು ಕಾಲರ್ ಹಿಡಿದ.

ಅಷ್ಟು ಖಾತ್ರಿಯಾಗಿ ಅವಳಿಗೆ ಹೇಗೆ ಹೇಳಿದೆ? ಕೇಳಿ.

ಮಳೆಗಾಲಕ್ಕೆ ಮುಂಚೆ ಇದೇ ದಲ್ಲಾಳಿ ಅವಳನ್ನು ಬೆದರಿಸಲು ನಮ್ಮ ಬೀದಿಗೆ ಬಂದಿದ್ದ. ಬೆದರಿಸಿ ಹೊರಡುವಾಗ ಕಾರಿನ ಬ್ಯಾಟರಿ ಕೈಕೊಟ್ಟಿತು. ಎದುರಿಗೇ ನನ್ನ ಬ್ಯಾಟರಿ ಅಂಗಡಿ!

“ಏನಯ್ಯಾ, ಸತ್ತವನ ಅಣ್ಣ! ಹೊಸದು ಹಾಕು.”

ನನ್ನ ಕೈಯಲ್ಲಿ ದೊಡ್ಡ ಸ್ಪ್ಯಾನರ್. ಅವನ ತಲೆ ಒಂದು ಮೊಳ ದೂರದಲ್ಲಿ...

ಹಲ್ಲು ಕಚ್ಚಿ ತಡೆದುಕೊಂಡೆ.

ಕಾರು ನೋಡಿದೆ. ಸಿಗ್ನಲ್‌ನಲ್ಲಿ ತಾನಾಗಿ ಆಫ್ ಆಗಿ, ಬ್ರೇಕ್ ಬಿಟ್ಟ ಕೂಡಲೇ ತಾನಾಗಿ ಸ್ಟಾರ್ಟ್ ಆಗುವ ಜಾತಿ.

“ಇದಕ್ಕೆ ಎಜಿಎಂ ಬ್ಯಾಟರಿನೇ ಆಗ್ಬೇಕು. ಹಳೇದೂ ಅದೇ, ನೋಡಿ. ಪದೇ ಪದೇ ಸ್ಟಾರ್ಟ್ ಆಗೋ ಕಾರು... ಸಾಮಾನ್ಯ ಆಸಿಡ್ ಬ್ಯಾಟರಿ ತಡ್ಕೊಳ್ಳಲ್ಲ. ಕೆಲವೇ ತಿಂಗಳಿಗೆ ಸುಸ್ತಾಗುತ್ತೆ.”

ಅವನು ಕಣ್ಣು ಕಿರಿದು ಮಾಡಿದ.

“ನನ್ನ ಕಾರಿನ ಮೇಲೆ ನಿಂಗ್ಯಾಕೋ ಇಷ್ಟು ಪ್ರೀತಿ? ಅದ್ಯಾವುದು, ಆ ಮೂಲೇಲಿರೋದು?”

“ಸಾಮಾನ್ಯದ್ದು. ಸೈಜ್ ಅದೇ, ಆದ್ರೆ...”

“ಅದನ್ನೇ ಹಾಕು! ನೀನು ಬೇಕು ಅಂದದ್ದು ನಂಗೆ ಬೇಡ.”

ಜೀವಮಾನವಿಡೀ ಒಳ್ಳೆಯ ಜಾಗ ತೋರಿಸಿ ಕೆಟ್ಟ ಜಾಗ ಮಾರಿದವನು. ಸತ್ತವನ ಅಣ್ಣ ತನಗೆ ನಿಜ ಹೇಳಬಹುದು ಅಂತ ಅವನ ಕನಸಿನಲ್ಲೂ ಹೊಳೆಯುವುದಿಲ್ಲ. ಅದು ನನಗೆ ಗೊತ್ತಿತ್ತು.

ಅದಕ್ಕೇ ನಿಜ ಹೇಳಿದೆ!

ನಾನು ಏನಾದರೂ ಕಿತಾಪತಿ ಮಾಡುತ್ತೇನೆಂದು ಒಂದೊಂದು ನಟ್ಟು ಬಿಗಿಯುವಾಗಲೂ ಹೆಗಲ ಮೇಲೆ ಬಗ್ಗಿ ನೋಡಿದ. ಮಾಡಲಿಲ್ಲ. ಬ್ಯಾಟರಿ ಅಚ್ಚುಕಟ್ಟಾಗಿ ಕೂತಿತು. ಒಂದೇ ಒತ್ತಿಗೆ ಕಾರು ಗುರ್ ಅಂದಿತು.

“ಸುಸ್ತಾಗುತ್ತಂತೆ, ಸುಸ್ತು!” ಗಹಗಹಿಸಿ ನಕ್ಕು ಹೋದ.

ನಾನು ಕಾದೆ. ಕಾಯುವುದು ನನಗೆ ಬರುತ್ತದೆ. ಅವನು ದಿನಾ ಹಾದುಹೋಗುವ, ನಮ್ಮ ಬೀದಿಯ ತುದಿಯ ಸಿಗ್ನಲ್‌ನಲ್ಲಿ ಆ ಕಾರು ಎದ್ದೇಳುವ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದೆ. ಮೊದಮೊದಲು ಚುರುಕು. ಆಮೇಲೆ ಎಳೆದೆಳೆದು... ಕೊನೆಗೆ ಬರೀ ಗೊರಗೊರ!

ಈಗ ಆ ಗೊರಗೊರವೂ ಇಲ್ಲ.

“ಏನು ಮಾಡಿದೀಯ ಬೊಗಳೋ!” ಚಾಕು ಚರ್ಮ ಸೀಳಿತು. ಎದೆಯ ಮೇಲೆ ರಕ್ತ ಇಳಿಯಿತು.

“ನೀವು ಕೇಳಿದ್ದನ್ನೇ ಹಾಕಿದ್ದು.”

“ಹಂಗಾದ್ರೆ ತಳ್ಳು!”

“ಆಟೋಮ್ಯಾಟಿಕ್ ಕಾರು. ಊರೇ ಬಂದು ತಳ್ಳಿದ್ರೂ ಏಳಲ್ಲ.”

ದೂರದಲ್ಲಿ ಸೈರನ್!

ಅವನ ತಲೆ ಆ ಕಡೆ ತಿರುಗಿತು. ಅಷ್ಟು ಸಾಕಾಯಿತು. ಮೊಣಕೈಯಿಂದ ಹೊಟ್ಟೆಗೆ ಗುದ್ದಿದೆ. ಚಾಕು ಠಣ್ ಅಂತ ಬಿತ್ತು. ಅವನು ಓಡಿದ... ಹಿಂದೆಯೇ ನಾನು! ಡ್ರಮ್ಮುಗಳ ಸಂದಿಯಲ್ಲಿ, ಟೈರುಗಳ ರಾಶಿಯ ಮೇಲೆ... ನನ್ನ ಎದೆ ಒಡೆದುಹೋಗುತ್ತದೆ ಅನ್ನಿಸಿತು. ಅವನಾಗಲೇ ಕಾಂಪೌಂಡ್ ಗೋಡೆ ಹತ್ತಿ ಅರ್ಧ ಆಚೆಗಿದ್ದ.

ಕಾಲು ಹಿಡಿದು ಜೋತುಬಿದ್ದೆ.

“ಬಿಡೋ!” ಮುಖಕ್ಕೆ ಒದ್ದ.

ಬಿಡಲಿಲ್ಲ.

ಮತ್ತೆ ಒದ್ದ. ಹಲ್ಲು ಉದುರಿತು... ಆದರೂ ಬಿಡಲಿಲ್ಲ!

ಪೊಲೀಸರು ಬಂದು ನಮ್ಮಿಬ್ಬರನ್ನೂ ಒಟ್ಟಿಗೇ ಗೋಡೆಯಿಂದ ಬಿಡಿಸಿದರು.

ಬೇಡಿ ಬಿದ್ದ ಮೇಲೆ ದಲ್ಲಾಳಿ ಜೀಪಿನ ಮೆಟ್ಟಿಲಲ್ಲಿ ನಿಂತು ತಿರುಗಿದ. ಮುಖ ಕಪ್ಪಿಟ್ಟಿತ್ತು.

“ಅವತ್ತು ಇನ್ನೊಂದು ಸಲ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ, ಮುದುಕಾ?”

ಬಾಯಿಯ ರಕ್ತ ಉಗಿದೆ.

“ನನ್ನ ತಮ್ಮನೂ ‘ಕಾರು ನಿಲ್ಸಿ’ ಅಂತ ಒಂದೇ ಸಲ ಕೂಗಿದ್ದು!”